ಬಾಗಿಲಲ್ಲಿ ನಿಂತ ಪಟ್ಟೇವಾಲಾ

ನನ್ನ ಗಂಡ ಹೊಡೆದದ್ದು ನಿಜ. ಕೋರ್ಟಿನ ಕಾಗದದಲ್ಲಿ ಏನೇ ಇರಲಿ, ನಮ್ಮ ಓಣಿಯ ನೇಕಾರನೊಬ್ಬನ ಬಲಗೈ ಮುರಿದದ್ದು ಅವನ ಬಡಿಗೆಯಿಂದಲೇ. ನಾನು ಕಣ್ಣಾರೆ ನೋಡಿದ್ದೇನೆ. ಇಳಕಲ್ಲಿನಲ್ಲಿ ನೂಲಿನ ಹಾಸನ್ನು ಓಣಿಯುದ್ದಕ್ಕೂ ಬಿಗಿದು ಗಂಜಿ ಹಾಕುತ್ತಾರೆ. ಆ ಬೆಳಿಗ್ಗೆ ಜಾಗ ಯಾರದೆಂದು ಜಗಳ. ಅಷ್ಟೇ.

ಆದರೆ ಬರೆಯಬೇಕಾದದ್ದು ಗಂಡನ ಬಗ್ಗೆ ಅಲ್ಲ, ಹುನಗುಂದದ ಕೋರ್ಟಿನ ಪಟ್ಟೇವಾಲಾನ ಬಗ್ಗೆ. ಎದೆಗೆ ಅಡ್ಡ ಕೆಂಪು ಪಟ್ಟಿ, ಅದರ ಮೇಲೆ ಹಿತ್ತಾಳೆಯ ಬಿಲ್ಲೆ. ಬಾಗಿಲಲ್ಲಿ ನಿಂತು ಹೆಸರು ಕೂಗುವಾಗ ಕೊರಳ ನರ ಹೆಬ್ಬೆರಳಿನಷ್ಟು ಉಬ್ಬುತ್ತಿತ್ತು. ಮೂರು ಸಲ ಕೂಗಿ, ಬಾಯಿಗೆ ಲವಂಗ ಹಾಕಿಕೊಂಡು, ಉಳಿದ ಮಾತೆಲ್ಲ ಪಿಸುದನಿಯಲ್ಲಿ ಆಡುತ್ತಿದ್ದ. "ದನಿ ಸರ್ಕಾರದ್ದವ್ವಾ, ಸುಮ್ಮನ ಖರ್ಚು ಮಾಡಬಾರ್ದು" ಎನ್ನುತ್ತಿದ್ದ. ನಾನು ಕಾಕಾ ಎನ್ನುತ್ತಿದ್ದೆ.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ಅದು. ಗಂಡನನ್ನು ಹಿಡಿದ ನಾಲ್ಕನೆಯ ದಿನ ವಕೀಲರು "ಬೇಲ್ ಆತು, ಕರ್ಕೊಂಡು ಹೋಗ್ರಿ" ಎಂದರು. ಕೇಸೇ ಮುಗಿಯಿತೆಂದು ಓಣಿಗೆಲ್ಲ ಸಕ್ಕರೆ ಹಂಚಿದೆವು. ಅವರು ಕೊಟ್ಟ ಚೀಟಿಗೆ ವಿಭೂತಿ ಹಚ್ಚಿ ದೇವರ ಜಗುಲಿಯಲ್ಲಿಟ್ಟೆವು. ಅದರಲ್ಲಿ ಮುಂದಿನ ತಾರೀಖು ಇಂಗ್ಲಿಷಿನಲ್ಲಿತ್ತು. ನಾನು ಓದಿದ್ದು ಎರಡನೆಯ ಇಯತ್ತೆ, ಗಂಡ ಅದೂ ಇಲ್ಲ.

ಆ ತಾರೀಖಿನ ದಿನ ಅವನು ಮಗ್ಗದ ಕುಣಿಯಲ್ಲಿ ಕೂತು ಸೆರಗು ನೇಯುತ್ತಿದ್ದ. ಮರುದಿನ ವಕೀಲರ ಗುಮಾಸ್ತ ವಾರಂಟ್ ಆಗಿದೆಯೆಂದು ಹೇಳಿ ಕಳಿಸಿದ. ಗಂಡ ಸೊಲ್ಲಾಪುರಕ್ಕೆ ಓಡಿಹೋಗಲು ಗಂಟು ಕಟ್ಟತೊಡಗಿದ. ನಾನು ಚೀಟಿ ತೆಗೆದುಕೊಂಡು ಹುನಗುಂದದ ಬಸ್ಸು ಹತ್ತಿದೆ.

ಕಾಕಾ ಚೀಟಿ ನೋಡಿದ. "ಏನವ್ವಾ, ಕಾಗದಕ್ಕೂ ಪೂಜಿ ಮಾಡೀರೇನು?"

"ಬಿಟ್ಟಾರಂತ ತಿಳ್ಕೊಂಡಿದ್ವಿರಿ ಕಾಕಾ."

"ಬಿಟ್ಟಿಲ್ಲ. ಎಮ್ಮಿಗೆ ಹಗ್ಗ ಉದ್ದ ಮಾಡ್ಯಾರ. ಗೂಟ ಇಲ್ಲೇ ಐತಿ. ಕರದಾಗೊಮ್ಮೆ ಬರಬೇಕು."

"ಪೊಲೀಸ್ರು ಬರ್ತಾರೇನ್ರಿ? ಇವ್ರು ಸೊಲ್ಲಾಪುರಕ್ಕ ಓಡಿಹೋಗಾಕ ಗಂಟು ಕಟ್ಯಾರ."

"ಅವ್ರು ಬರೋದ್ರಾಗ ನೀನ ಕರ್ಕೊಂಡು ಬಾ. ತಾನಾಗಿ ಬಂದವಗ ಸಾಹೇಬ್ರು ಬೈತಾರ, ಬೈಸ್ಕೊಳ್ಳಿ. ಸೊಲ್ಲಾಪುರಕ್ಕ ಹೋದ್ನೋ, ಇದ್ದ ಹಗ್ಗಾನೂ ಹೋತು."

ಮನೆಗೆ ಬಂದು ಗಂಟು ಬಿಚ್ಚಿ ಬಟ್ಟೆಯನ್ನೆಲ್ಲ ನೀರಲ್ಲಿ ನೆನೆಹಾಕಿದೆ. ಒದ್ದೆ ಬಟ್ಟೆ ಕಟ್ಟಿಕೊಂಡು ಯಾರೂ ಓಡಿಹೋಗುವುದಿಲ್ಲ. ಬೆಳಗಿನ ಬಸ್ಸಿಗೆ ಕರೆದುಕೊಂಡು ಹೋದೆ. ಸಾಹೇಬರು ಬೈದರು, ವಾರಂಟ್ ರದ್ದಾಯಿತು.

ಆಮೇಲೆ ನಾಲ್ಕು ವರ್ಷ ತಾರೀಖು. ಕೂತು ಕೂತು ಕೋರ್ಟಿನ ಅಂಗಳದ ಬೇವಿನ ಬುಡದ ಕಲ್ಲು ಸವೆಯಿತು, ನನ್ನ ಸೊಂಟವೂ ಸವೆಯಿತು. ಒಮ್ಮೆ ವಕೀಲರು "ಚಾರ್ಜ್ ಫ್ರೇಮ್ ಆತು" ಎಂದಾಗ ಜೈಲೇ ಆಯಿತೆಂದು ಅಳತೊಡಗಿದೆ.

"ಅಳೂದ್ಯಾಕ?" ಎಂದ ಕಾಕಾ. "ಇಂಥಾದ್ದು ಮಾಡೀಯಂತ, ಖರೆ ಏನು, ಅಂತ ಕೇಳ್ಯಾರ ಅಷ್ಟ. ಕುಸ್ತಿ ಈಗ ಸುರು."

"ಅಪರಾಧಿ ಹೆಂಡತಿ ಅಳದ ಮತ್ತೇನ್ ಮಾಡ್ಬೇಕ್ರಿ?"

"ಆರೋಪಿ ಹೆಂಡತಿ ಅನ್ನು. ಅಪರಾಧಿ ಅನ್ನೂದು ಕಡೀ ದಿನದ ಮಾತು. ಅದೂ ಸಾಹೇಬ್ರು ಅನಬೇಕು, ನೀ ಅಲ್ಲ."

ಇಂಗ್ಲಿಷ್ ಎಲ್ಲಿ ಕಲಿತಿರೆಂದು ಕೇಳಿದ್ದಕ್ಕೆ ನಕ್ಕ. "ನಾ ಎಲ್ಲಿ ಕಲ್ತೇನವ್ವಾ? ಬಾಗಲದಾಗ ನಿಂತು ನಿಂತು ಕಿವಿ ಕಲ್ತಾವ."

ಕಡೆಗೆ ಸಾಕ್ಷಿಗಳ ಸರದಿ. ನಮ್ಮ ಓಣಿಯವರು ಒಬ್ಬರಾದ ಮೇಲೊಬ್ಬರು "ನಾ ನೋಡಿಲ್ರಿ" ಎಂದರು. ಬಡಿಗೆ ಯಾರ ಕೈಯಲ್ಲಿತ್ತೆಂದು ಹೇಳಿದವನು ಕೈ ಮುರಿಸಿಕೊಂಡವನೊಬ್ಬನೇ. ಅದು ಸಾಲಲಿಲ್ಲ. ಗಂಡನನ್ನು ಬಿಟ್ಟರು. ಓಣಿಯವರು ಅವನನ್ನು ಚಹಾದಂಗಡಿಗೆ ಕರೆದೊಯ್ದರು. ನಾನು ಬಾಗಿಲಲ್ಲೇ ನಿಂತೆ.

"ಕಾಕಾ, ಹಂಗಾರ ಇವ್ರು ಹೊಡದಿಲ್ಲಂತೇನ್ರಿ?"

ಅವನು ಲವಂಗವನ್ನು ಈ ದವಡೆಯಿಂದ ಆ ದವಡೆಗೆ ಹೊರಳಿಸಿದ. "ಹೊಡದಿಲ್ಲಂತ ಯಾರೂ ಅಂದಿಲ್ಲವ್ವಾ. ಸಂಶಯ ಉಳೀತು, ಅದಕ್ಕ ಬಿಟ್ಟಾರ. ಕೋರ್ಟಿಗೆ ಗೊತ್ತಾಗಲಿಲ್ಲ. ನಿನಗ ಗೊತ್ತೈತೋ ಇಲ್ಲೋ, ಅದನ್ನ ನಾ ಕೂಗಿ ಕೇಳಾಂವಲ್ಲ."

ನಾನು ಅವನಿಂದ ಕೇಳಿದ ಕೊನೆಯ ಮಾತು ಅದು. ರಿಟೈರಾಗಿ ಬಾಗಲಕೋಟೆಯ ಮಗಳ ಮನೆಗೆ ಹೋದ, ಅಲ್ಲೇ ಗಂಟಲ ಬೇನೆಯಿಂದ ಸತ್ತ. ಕಡೆಗೆ ದನಿಯೇ ಇರಲಿಲ್ಲವಂತೆ. ನನಗೆ ಗೊತ್ತಾಗುವಷ್ಟರಲ್ಲಿ ಮಣ್ಣಾಗಿ ತಿಂಗಳು ಕಳೆದಿತ್ತು. ಅವನಿಗೆ ಒಂದು ಕಪ್ ಚಹಾ ಸಹ ಕುಡಿಸಿರಲಿಲ್ಲ ನಾನು.

ತೀರ್ಪಾದ ಮರುದಿನ ಬೆಳಿಗ್ಗೆ ಗಂಡ ಇನ್ನೂ ಮಲಗಿದ್ದ. ಕೈ ಮುರಿಸಿಕೊಂಡವನ ಮನೆಯಲ್ಲಿ ಆಗ ಅವನ ಹೆಂಡತಿಯೇ ಮಗ್ಗಕ್ಕೆ ಕೂರುತ್ತಿದ್ದಳು. ಲಾಳಿಗೆ ಹಾಕುವ ಕಂಡಿಕೆ ಸುತ್ತಿಕೊಡಲು ಮತ್ತೊಬ್ಬರಿರಲಿಲ್ಲ. ನಾನು ನಮ್ಮ ರಾಟಿ ಎತ್ತಿಕೊಂಡು ಹೋದೆ.

"ಯಾಕ ಬಂದಿ? ಗೆದ್ದದ್ದು ತೋರಸಾಕೇನು?" ಎಂದಳು.

"ನಮ್ಮವ್ರು ಹೊಡದಾರ. ನಾ ನೋಡೇನಿ" ಎಂದೆ.

ಅವಳು ಒಳಗೆ ಕರೆಯಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. ನಾನು ಕಟ್ಟೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ನೂಲಿನ ಲಡಿಯೊಂದು ಬಂದು ಮುಂದೆ ಬಿತ್ತು. ರಾಟಿ ಇಟ್ಟುಕೊಂಡು ಕಂಡಿಕೆ ಸುತ್ತತೊಡಗಿದೆ.