ಆಂಗ್ಯುಲರ್ ಬೇಕೆಂದು ನಾನು ಬರೆದ ವರದಿ

ಗಡಿಯಾಚೆ, ಮರಾಠಿ ಸೀಮೆಯ ಉದಗೀರದ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಪಾಠ ಮಾಡುತ್ತೇನೆ. ತವರು ನಿಲಂಗಾ ಹತ್ತಿರದ ಹಳ್ಳಿ. ಪ್ರವೇಶದ ಅರ್ಜಿಗಳನ್ನು ವೆಬ್‌ಸೈಟಿನಲ್ಲೇ ತೆಗೆದುಕೊಳ್ಳಬೇಕೆಂದು ಕಾಲೇಜು ನಿರ್ಧರಿಸಿದಾಗ ಆ ಕೆಲಸ ನನಗೂ ನನ್ನ ವಿಭಾಗದ ಇನ್ನೊಬ್ಬ ಅಧ್ಯಾಪಕನಿಗೂ ಬಂತು. ಅವನು ಜಳಕೋಟದ ಕಡೆಯವನು, ಕುರಿ ಸಾಕುವ ಮನೆತನ, ಬೀರಪ್ಪನ ಒಕ್ಕಲು. ನನಗಿಂತ ಚಿಕ್ಕವನು, ಅಕ್ಕಾ ಅನ್ನುತ್ತಿದ್ದ. ನನ್ನದು ಕಾಯಂ ನೌಕರಿ, ಅವನದು ವರ್ಷದ ಕರಾರು. ಆ ವ್ಯತ್ಯಾಸವನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಹಚ್ಚಿಕೊಳ್ಳುವ ಅಗತ್ಯ ನನಗೆ ಬಿದ್ದಿರಲಿಲ್ಲ.

ವೆಬ್‌ಸೈಟ್ ಕಟ್ಟಲು ಯಾವ ಫ್ರೇಮ್‌ವರ್ಕ್, ಅಂದರೆ ಯಾವ ಸಿದ್ಧ ಚೌಕಟ್ಟು, ಬಳಸಬೇಕು ಎಂಬುದರಲ್ಲೇ ನಮ್ಮ ಮೊದಲ ಜಗಳ. ಅವನಿಗೆ ರಿಯಾಕ್ಟ್ ಬೇಕಿತ್ತು. ಅದರಲ್ಲಿ ಒಂದು ಗುಂಡಿ ಹೇಗೆ ಕಾಣಬೇಕು, ಒತ್ತಿದರೆ ಏನಾಗಬೇಕು ಎರಡನ್ನೂ ಒಂದೇ ಜಾಗದಲ್ಲಿ ಬರೆಯುತ್ತಾರೆ. ನನಗೆ ಆಂಗ್ಯುಲರ್ ಬೇಕಿತ್ತು. ಅದರಲ್ಲಿ ಕಣ್ಣಿಗೆ ಕಾಣುವ ಪುಟ ಒಂದು ಫೈಲಿನಲ್ಲಿ, ಅದರ ಹಿಂದಿನ ಲೆಕ್ಕಾಚಾರ ಇನ್ನೊಂದರಲ್ಲಿ. ವ್ಯೂ ಎಂಬ ಮೂರನೆಯದನ್ನೂ ನೋಡಿದೆವು. ಅದರಲ್ಲಿ ಫೈಲು ಒಂದೇ, ಒಳಗೆ ಭಾಗಗಳು ಬೇರೆ. "ಇದು ಒಂದ ಮನ್ಯಾಗ ಎರಡ ಒಲಿ ಹೂಡಿದಂಗ," ಎಂದು ಅವನು ನಕ್ಕ.

ಒಂದೇ ಚಿಕ್ಕ ಅರ್ಜಿಯನ್ನು ಮೂರರಲ್ಲೂ ಮಾಡಿ ನೋಡಿದೆವು. ರಿಯಾಕ್ಟ್‌ನಲ್ಲಿ ಅವನು ಮಧ್ಯಾಹ್ನದ ಊಟದೊಳಗೆ ಮುಗಿಸಿದ. ನನಗೆ ಅವನ ಕೋಡು ಓದಲು ಎರಡು ದಿನ ಹಿಡಿಯಿತು. ನಾನು ಆಂಗ್ಯುಲರ್ ಬೇಕೆಂದು ಹಟ ಹಿಡಿದದ್ದಕ್ಕೆ ಇದೇ ನಿಜವಾದ ಕಾರಣ. ಬಾಯಿಬಿಟ್ಟು ಹೇಳಿದ ಕಾರಣಗಳು ಬೇರೆ ಇದ್ದವು.

ಪ್ರಾಂಶುಪಾಲರು ಹೋಲಿಕೆಯ ವರದಿ ಕೇಳಿದರು. ಬರೆದವಳು ನಾನು. "ಆಂಗ್ಯುಲರ್‌ನಲ್ಲಿ ತೋರಿಕೆ ಮತ್ತು ತರ್ಕ ಬೇರೆಯಾಗಿರುವುದರಿಂದ, ಒಂದು ಭಾಗ ಮಾಡಿದವರು ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ" ಎಂಬ ಸಾಲು ಅದರಲ್ಲಿತ್ತು. ಕೊಡುವ ಮೊದಲು ಅವನಿಗೆ ತೋರಿಸಿದೆ.

"ಅಕ್ಕಾ, ಈ ಸಾಲು ತಗಿ," ಅಂದ.

"ಅದು ನಿನ್ನ ಬಗ್ಗೆ ಅಲ್ಲೋ ತಮ್ಮಾ. ಕೋಡಿನ ಬಗ್ಗೆ ಅದ."

"ಓದಾವರಿಗಿ ಕೋಡ್ ಗೊತ್ತಿಲ್ಲ."

ನಾನು ತೆಗೆಯಲಿಲ್ಲ. ವರದಿಯಲ್ಲಿ ಅದೇ ಚೆಂದದ ಸಾಲು ಎಂದು ನನಗೆ ಅನಿಸಿತ್ತು.

ಆಂಗ್ಯುಲರ್‌ಗೇ ಒಪ್ಪಿಗೆ ಸಿಕ್ಕಿತು. ಪುಟಗಳನ್ನು ನಾನು ಮಾಡಿದೆ, ತರ್ಕವನ್ನು ಅವನು ಬರೆದ. ಮೀಸಲಾತಿ, ವಿಷಯಗಳ ಗುಂಪು, ಯಾರಿಗೆ ಯಾವ ಕಾಗದ ಬೇಕು, ಎಲ್ಲವೂ ಅವನದೇ. ಉಮರ್ಗಾ ಕಡೆಯ ಕನ್ನಡ ಶಾಲೆಗಳಿಗೆ ಮೋಟಾರ್‌ಸೈಕಲ್ ಮೇಲೆ ಹೋಗಿ, ಅಲ್ಲಿಯ ಮಕ್ಕಳ ಕಾಗದಪತ್ರ ಹೇಗಿರುತ್ತವೆಂದು ಕೇಳಿಕೊಂಡು ಬಂದು ಅವರಿಗಾಗಿ ಬೇರೆ ನಿಯಮ ಸೇರಿಸಿದ. ಮೊದಲ ವರ್ಷ ಒಂದು ತಕರಾರೂ ಬರಲಿಲ್ಲ. ಸಭೆಯಲ್ಲಿ ಪರದೆಯ ಮೇಲೆ ನನ್ನ ಪುಟಗಳನ್ನು ತೋರಿಸಿ ಹೊಗಳಿದರು. ಅವನ ಕೆಲಸದಲ್ಲಿ ತೋರಿಸುವಂಥದ್ದೇನೂ ಇರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವನ ಕರಾರು ಮುಂದುವರಿಯಲಿಲ್ಲ. ನಾನು ಪ್ರಾಂಶುಪಾಲರ ಕೋಣೆಗೆ ಹೋದೆ. ಅವರು ನನ್ನ ವರದಿಯನ್ನೇ ಮುಂದಿಟ್ಟರು.

"ನೀವೇ ಬರದೀರಲ್ಲರೀ ಮೇಡಂ, ಅಂವಾ ಇಲ್ಲದಿದ್ರೂ ನಡೀತದ ಅಂತ."

"ಅದರ ಅರ್ಥ ಹಂಗಲ್ಲರೀ ಸರ್."

"ಮತ್ತ ನಿಮಗ ಆ ಕೆಲಸಾ ಬರಂಗಿಲ್ಲೇನು?"

ಬರುವುದಿಲ್ಲ ಎಂದಿದ್ದರೆ ಅವನು ಉಳಿಯುತ್ತಿದ್ದನೋ ಏನೋ. "ಬರ್ತದರೀ," ಅಂದೆ.

ಆ ವರ್ಷ ಪ್ರವೇಶದ ನಿಯಮಗಳು ಬದಲಾದವು. ಅವನ ಫೈಲಿಗೆ ನಾನು ಕೈ ಹಾಕಿದೆ. ಪಟ್ಟಿ ಹಚ್ಚಿದ ದಿನ ಉಮರ್ಗಾ ಹತ್ತಿರದ ಊರಿನಿಂದ ಒಬ್ಬ ಹುಡುಗಿ ತಂದೆಯೊಂದಿಗೆ ಬಂದಳು. ಕನ್ನಡ ಶಾಲೆಯಲ್ಲಿ ಓದಿದವಳು. ಒಳ್ಳೆಯ ಅಂಕಗಳಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲ. ಮೊಬೈಲ್ ತೋರಿಸಿದಳು. ಅರ್ಜಿ ತಲುಪಿದೆ ಎಂದು ನನ್ನ ಪುಟ ಹಸಿರು ಅಕ್ಷರದಲ್ಲಿ ಹೇಳಿತ್ತು. ಪುಟದ ಹಿಂದೆ ಅದು ಎಲ್ಲಿಗೂ ತಲುಪಿರಲಿಲ್ಲ. ಕನ್ನಡ ಶಾಲೆಯಿಂದ ಬಂದ ಯಾರದೂ ತಲುಪಿರಲಿಲ್ಲ.

ತಪ್ಪು ಎಲ್ಲಿದೆ ಎಂದು ನನಗೆ ಸಿಗಲಿಲ್ಲ. ಕೆಲಸ ಕಳೆದುಕೊಂಡಿದ್ದ ಆ ಜೊತೆಗಾರನಿಗೇ ಫೋನ್ ಮಾಡಿದೆ. ಈಗ ಅವನು ಉಮರ್ಗಾದ ಒಂದು ಖಾಸಗಿ ಕೋಚಿಂಗ್ ಕ್ಲಾಸಿನಲ್ಲಿ ಕಲಿಸುತ್ತಿದ್ದ. ನಾನು ಕೋಡು ಓದುತ್ತಾ ಹೋದೆ, ಅವನು ಕೇಳುತ್ತಾ ಹೋದ. ನಡುವೆ ತಡೆದು, "ಈ ಶರತ್ತು ನೀವು ಉಲ್ಟಾ ಬರದೀರಿ," ಅಂದ. ಸರಿಪಡಿಸಿದೆ. ಅಷ್ಟರಲ್ಲಿ ವಿಜ್ಞಾನದ ಸೀಟುಗಳು ತುಂಬಿದ್ದವು. ಆ ಹುಡುಗಿ ಕಲಾ ವಿಭಾಗಕ್ಕೆ ಹೆಸರು ಹಚ್ಚಿದಳು. ತಂದೆ ನನಗೇ ಕೈ ಮುಗಿದು ಹೋದ. ತಪ್ಪು ಯಾರದೆಂದು ಅವನಿಗೆ ನಾನು ಹೇಳಲಿಲ್ಲ.

ಫೋನಿಡುವ ಮೊದಲು ಕೇಳಿದ್ದೆ: "ನನ್ನ ಮ್ಯಾಲ ಸಿಟ್ಟ ಅದ ಏನೋ ತಮ್ಮಾ?"

"ಅದರೀ ಮೇಡಂ," ಅಂದ ಅವನು. "ಪೋರರ ಸಲುವಾಗಿ ಇವತ್ತ ಹೇಳೀನಿ. ಇನ್ನ ಫೋನ್ ಮಾಡಬ್ಯಾಡ್ರಿ."

ಮಾಡಿಲ್ಲ. ಆ ವೆಬ್‌ಸೈಟನ್ನು ಈಗಲೂ ನಾನೇ ನೋಡಿಕೊಳ್ಳುತ್ತೇನೆ. ಪ್ರತಿ ಬೇಸಿಗೆ ಕನ್ನಡ ಶಾಲೆಗಳ ಅರ್ಜಿಗಳನ್ನು ಒಂದೊಂದಾಗಿ ತೆರೆದು ಕೈಯಿಂದಲೇ ತಾಳೆ ನೋಡುತ್ತೇನೆ. ನನ್ನ ಕೋಡಿನ ಮೇಲೆ ನನಗೆ ಭರವಸೆ ಇಲ್ಲ.