ಅತ್ತೆ ಬಾಯಿಗಿಟ್ಟ ಒಂದು ಹಿಡಿ ಹುಲ್ಲು

೧೯೯೫ರ ಮಾತು. ನಾನು ಶಿಕಾರಿಪುರದ ತವರಿನಿಂದ ಸೊರಬ ತಾಲ್ಲೂಕಿನ ಗುಡವಿ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಶಿರಾಳಕೊಪ್ಪದಲ್ಲಿ ನಡೆದ ಹೈನುಗಾರಿಕೆ ತರಬೇತಿಗೆ ಹೋಗಿದ್ದೆ. ಹಸಿ ಹುಲ್ಲನ್ನು ಗುಂಡಿಯಲ್ಲಿ ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿದರೆ ಬೇಸಿಗೆಗೆ ರಸಮೇವು ಸಿಗುತ್ತದೆ ಎಂದು ಪಶುವೈದ್ಯರು ಹೇಳಿಕೊಟ್ಟರು. “ನೀವು ಹುಲ್ಲು ಹಾಕೋದು ಹಸುವಿಗಲ್ಲ ಕಣ್ರೀ, ಅದರ ಹೊಟ್ಟೆಯಲ್ಲಿರೋ ಸೂಕ್ಷ್ಮಜೀವಿಗಳಿಗೆ. ಅವು ನಾರು ತಿಂದು ಹಸುವನ್ನ ಸಾಕ್ತವೆ” ಎಂದ ಅವರ ಮಾತು ನನಗೆ ಹಿಡಿಸಿತು.

ಮಾವನಿಗೆ ಹಿಡಿಸಲಿಲ್ಲ. “ಹುಲ್ಲು ಹೂತ್ರೆ ಗೊಬ್ಬರ ಆಗ್ತದೆ, ಮೇವು ಆಗ್ತದೇನು?” ಎಂದರು. ಅತ್ತೆ ಮಾತ್ರ ಕುಡುಗೋಲು ಹಿಡಿದು ನನ್ನ ಜೊತೆ ಹೊರಟರು. ಗದ್ದೆ ಬದುವಿನ ಹುಲ್ಲನ್ನೆಲ್ಲ ಕೊಯ್ದು, ಕತ್ತರಿಸಿ, ಬೆಲ್ಲದ ನೀರು ಚಿಮುಕಿಸಿ, ಹಿತ್ತಿಲ ಗುಂಡಿಯಲ್ಲಿ ಇಬ್ಬರೂ ತುಳಿದು ತುಂಬಿದೆವು. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮಣ್ಣು. ನಮ್ಮ ಕೆಂದಿ ಹಸು ಗಬ್ಬವಾಗಿತ್ತು. ಹಿಂದಿನ ಬೇಸಿಗೆಯಲ್ಲಿ ಬರೀ ಒಣಹುಲ್ಲು ತಿಂದು ಎದ್ದು ನಿಲ್ಲಲಾರದಷ್ಟು ಸೊರಗಿತ್ತು.

ಮಾರ್ಚ್‌ನಲ್ಲಿ ಗುಂಡಿ ತೆಗೆಯುವ ದಿನ ಅಕ್ಕಪಕ್ಕದವರೆಲ್ಲ ಬಂದು ನಿಂತರು. ಹಾಳೆ ಎಲ್ಲೋ ಹರಿದು ಗಾಳಿ ಹೊಕ್ಕಿತ್ತು. ಎತ್ತಿದ ಕೂಡಲೇ ಕೆಟ್ಟ ವಾಸನೆ ಮುಖಕ್ಕೆ ಬಡಿಯಿತು. ಮೇಲೆಲ್ಲ ಕಪ್ಪಾಗಿ ಬೂಷ್ಟು ಹಿಡಿದಿತ್ತು. ನೆರೆಯವರು ಮೂಗು ಮುಚ್ಚಿಕೊಂಡು ನಕ್ಕರು. “ಆಯ್ತಲ್ಲ ಗೊಬ್ಬರ!” ಎಂದು ಮಾವ ಒಳಗೆ ಹೋಗಿಬಿಟ್ಟರು. ನನಗೆ ಅಳು ತಡೆಯಲಾಗಲಿಲ್ಲ.

ಅತ್ತೆ ಸೆರಗು ಸಿಕ್ಕಿಸಿಕೊಂಡು ಗುಂಡಿಗಿಳಿದರು. ಕೊಳೆತದ್ದನ್ನು ಎರಡೂ ಕೈಯಿಂದ ಬಾಚಿ ಹಾಕಿ, ಮೊಣಕೈವರೆಗೆ ಕೈ ತೂರಿಸಿ ಅಡಿಯಿಂದ ಒಂದು ಹಿಡಿ ಎಳೆದರು. ಹಳದಿ ಬೆರೆತ ಹಸಿರು ಬಣ್ಣ. ಮೂಸಿ ನೋಡಿದರು. ಆಮೇಲೆ ಎಲ್ಲರೆದುರೇ ಬಾಯಿಗೆ ಹಾಕಿಕೊಂಡು ಅಗಿದರು. ನಗು ನಿಂತಿತು.

“ಹುಳಿ ಬಂದದೆ, ಕೊಳೆತಿಲ್ಲ. ಕೆಂದಿನ ಹಿಡ್ಕೊಂಡು ಬಾರೆ” ಎಂದರು.

ಅಡಿಯ ಮೇವನ್ನು ಬುಟ್ಟಿಗೆ ತುಂಬಿ ಮುಂದಿಟ್ಟೆವು. ಕೆಂದಿ ಮೂಸಿತು, ಒಂದು ಹೆಜ್ಜೆ ಹಿಂದೆ ಸರಿಯಿತು, ಮತ್ತೆ ಬಂದು ಬಾಯಿ ಹಾಕಿತು. ಬುಟ್ಟಿ ಖಾಲಿಯಾಗುವವರೆಗೆ ತಲೆ ಎತ್ತಲಿಲ್ಲ. ಮೇಲಿನ ಕೊಳೆತ ಹುಲ್ಲು ಸಗಣಿ ಜೊತೆ ಗೊಬ್ಬರವಾಗಿ ಮಳೆಗಾಲಕ್ಕೆ ಅದೇ ಬದುವಿಗೆ ಬಿತ್ತು. ಮಾವನೇ ಹೊತ್ತು ಹಾಕಿದರು. ಅಷ್ಟರಲ್ಲಿ ಕೆಂದಿ ಹೆಣ್ಣುಕರು ಹಾಕಿ ಆರಾಮಾಗಿತ್ತು.

ಗುಂಡಿ ತೆಗೆದ ದಿನ ಸಂಜೆ ಅತ್ತೆಯನ್ನು ಕೇಳಿದ್ದೆ, “ಬಾಯಿಗೆ ಯಾಕೆ ಹಾಕ್ಕೊಂಡ್ರಿ ಅತ್ತೆ? ಹೊಟ್ಟೆಗೆ ಏನಾದ್ರೂ ಆಗಿದ್ರೆ?”

“ನೀ ಅಳ್ತಾ ನಿಂತಿದ್ದೆ. ಹಸು ಬರೋ ತನಕ ಅವರು ನಗ್ತಾನೇ ಇರ್ತಿದ್ರಲ್ಲ” ಎಂದರು.

ಅತ್ತೆ ಈಗಿಲ್ಲ. ಕೆಂದಿ ಆ ದಿನ ಹೇಗೂ ತಿನ್ನುತ್ತಿತ್ತು. ಆದರೆ ಅಲ್ಲಿಯವರೆಗೆ ನಾನೊಬ್ಬಳೇ ಆ ನಗುವಿನೆದುರು ನಿಲ್ಲಬೇಕಾಗುತ್ತಿತ್ತು. ಅಷ್ಟು ಹೊತ್ತೂ ನನ್ನನ್ನು ಹಾಗೆ ನಿಲ್ಲಲು ಬಿಡುವುದಕ್ಕೆ ಅವರಿಗೆ ಮನಸ್ಸಾಗಲಿಲ್ಲ.