ಕಾಲುವೆಯ ನಟ್ಟನಡುವೆ

ಕಬೊನ್‌ಗೆ ಒಂದು ಕೆಲಸ ತಲೆಗೆ ಹೊಕ್ಕಿತೆಂದರೆ ಮುಗಿಯಿತು, ಊಟವೂ ರುಚಿಸದು, ನಿದ್ದೆಯೂ ಹತ್ತದು. ಬೊಗೊರಿಯಾ ಸರೋವರದ ಮಗ್ಗುಲಿನ ಅವಳ ಊರಿನಲ್ಲಿ ಬುಗ್ಗೆಯ ನೀರು ಕೊತಕೊತ ಕುದಿಯುತ್ತದೆ, ತೊರೆಯ ನೀರು ಕೊರೆಯುತ್ತದೆ, ಮೈಗೆ ಹಿತವಾದ ನೀರು ಮಾತ್ರ ಎಲ್ಲೂ ಇಲ್ಲ. ಅದಕ್ಕೇ ಆ ಬೇಸಿಗೆ ಅವಳು ತೊರೆಯಿಂದ ಕಾಲುವೆ ತೋಡಿ, ಬುಗ್ಗೆಯ ಬಿಸಿಗೆ ಕಾದ ಬಂಡೆಗಳ ನಡುವೆ ಹಾಯಿಸಿದಳು. ಹೆಂಗಸರು ಕೂತು ಮೀಯಲೆಂದು ನೀರಿನ ನಡುವೆ ಚಪ್ಪಡಿಯೊಂದನ್ನು ಹಾಸಿದಳು.

ಹೊಸ ನೀರಿನಲ್ಲಿ ಮೊದಲು ಮೀಯುವವಳು ಊರಿನ ಹಿರಿಯಳು. ಅವಳು ಮಿಂದು, ಬಾಯಿತುಂಬ ಹಾಲನ್ನು ಸಿಂಪಡಿಸಿ ಹರಸದೆ ಉಳಿದವರು ಮೀಯುವಂತಿಲ್ಲ. ಹಿರಿಯಳೆಂದರೆ ಕೊಬಿಲೊ, ಕಬೊನ್‌ಳ ಗಂಡನ ಸೋದರತ್ತೆ. ಮೊಣಕಾಲು ನೋವಿನವಳು, ಮಾತಿನಲ್ಲಿ ಮೆಣಸಿನಕಾಯಿ.

ಕಬೊನ್ ಅಂಚಿನಲ್ಲಿ ಬೆರಳದ್ದಿ ನೋಡಿ, "ಬನ್ನಿ ಅತ್ತೆ, ಹದವಾಗಿ ಕಾದಿದೆ" ಎಂದಳು. ಮುದುಕಿ ನಡುವಿನ ಚಪ್ಪಡಿಯ ಮೇಲೆ ಕೂತವಳೇ ಕಿಟಾರನೆ ಕಿರುಚಿದಳು.

"ಅಯ್ಯಯ್ಯೋ, ಕೊರೆಯುತ್ತೆ! ನನ್ನ ಸಾಯ್ಸೋಕೇ ತೋಡಿದ್ದೇನೇ ಇದನ್ನ?"

ಹಾಲಿನ ಸೋರೆಬುರುಡೆ ಹಾಗೆಯೇ ಮನೆಗೆ ವಾಪಸಾಯಿತು. ಗೆಳತಿ ಜೆಮುತೈ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಬೊನ್ ಮನೆಯೊಳಗೆ ಗೋಡೆಗೆ ಮುಖಮಾಡಿ ಅತ್ತಳು.

ತಪ್ಪು ಅವಳದಷ್ಟೇ ಅಲ್ಲ. ಕುದಿಯುವ ಬುಗ್ಗೆಯ ಪಕ್ಕ ಬೆಳೆದವರು ನೀರನ್ನು ಅಂಚಿನಲ್ಲೇ ಮುಟ್ಟುತ್ತಾರೆ. ನಡುವಿಗೆ ಕೈ ಹಾಕಿದ ಮಕ್ಕಳಿಗೆ ಬೆನ್ನಿಗೆ ಏಟು ಬೀಳುತ್ತದೆ.

ಮರುದಿನ ಅವಳು ಕಾಲುವೆಯ ಬಾಯಲ್ಲಿ ರಾಗಿಹೊಟ್ಟನ್ನು ಅಡ್ಡಗೆರೆಯಾಗಿ ಉದುರಿಸಿದಳು. ಮೊದಮೊದಲು ಗೆರೆ ನೆಟ್ಟಗೇ ಸಾಗಿತು. ಬರಬರುತ್ತ ಬಂಡೆಯ ಪಕ್ಕದ ಹೊಟ್ಟು ಹಿಂದುಳಿದು, ನಡುವಿನದು ಮುನ್ನುಗ್ಗಿ, ಗೆರೆ ಬಿಲ್ಲಿನಂತೆ ಬಾಗಿತು. ಅವಳು ನೀರಿಗೇ ಇಳಿದು ಕೆಳಕ್ಕೆ ನಡೆದಳು. ಕಾಲುವೆಯ ಬಾಯಲ್ಲಿ ಬಿಸಿಯೆಂಬುದು ಬಂಡೆಗೆ ಅಂಟಿದ ಬೆರಳಗಲ ಮಾತ್ರ, ಕೆಳಗಿಳಿದಂತೆ ಎರಡೂ ಕಡೆಯಿಂದ ಒಳಕ್ಕೆ ಹರಡುತ್ತಿತ್ತು. ಅವಸರದ ನಡುನೀರಿಗೆ ಅದು ತಲುಪಿದ್ದು ಎಷ್ಟೋ ಕೆಳಗೆ, ಕೊಬಿಲೊಳ ಮೇಕೆಗಳು ಮಲಗುವ ನೆರಳಿನ ಹತ್ತಿರ. ಅಲ್ಲಿ ಎರಡು ಬಿಸಿಗಳೂ ಕೂಡಿದ್ದವು. ಕಬೊನ್ ನೀರಲ್ಲೇ ಕುಣಿದಳು, ಮರುಗಳಿಗೆಯೇ ಜಾಗ ಯಾರದೆಂದು ನೆನಪಾಗಿ ಕುಣಿತ ನಿಲ್ಲಿಸಿದಳು.

"ನಿನ್ನೆ ನನ್ನ ಮೊಣಕಾಲು ಮುರಿದೆ, ಇವತ್ತು ನನ್ನ ಮೇಕೆಗಳ ನೆರಳೂ ಬೇಕಾ?" ಎಂದಳು ಮುದುಕಿ, ಕಬೊನ್ ಆ ಜಾಗ ಕೇಳಿದಾಗ.

"ಒಂದೇ ಒಂದ್ಸಲ ನಡುವಿಗೆ ಕಾಲಿಡಿ ಅತ್ತೆ. ತಣ್ಣಗಿದ್ರೆ ಕಾಲುವೇನ ನನ್ನ ಕೈಯಾರೆ ಮುಚ್ಚಿಬಿಡ್ತೀನಿ."

ಮುಚ್ಚುವುದನ್ನು ನೋಡುವ ಆಸೆಗೇ ಮುದುಕಿ ಬಂದಳು. ಜೆಮುತೈಯ ತೋಳು ಹಿಡಿದು ಒಂದು ಕಾಲಿಟ್ಟಳು. ಇನ್ನೊಂದನ್ನೂ ಇಟ್ಟಳು. ಆಮೇಲೆ ನಿಧಾನವಾಗಿ ಕುತ್ತಿಗೆಯವರೆಗೂ ಇಳಿದು ಕೂತು ಕಣ್ಣು ಮುಚ್ಚಿದಳು. ಮುಚ್ಚಲೆಂದು ತಂದ ಗುದ್ದಲಿ ಹಿಡಿದು ಕಬೊನ್ ಅಂಚಿಗೆ ಬಾಗಿದಳು.

"ಅತ್ತೆ, ಏನಾದ್ರೂ ಹೇಳಿ!"

"ಜೆಮುತೈ, ಮೇಕೆಗಳನ್ನ ಆಚೆ ಅಟ್ಟು. ಹಾಗೇ ಹಾಲಿನ ಬುರುಡೆ ತಾ."

ಹಾಲು ಬಂತು. ಮುದುಕಿ ಬಾಯಿತುಂಬ ತೆಗೆದುಕೊಂಡು ಕಬೊನ್‌ಳ ಮುಖಕ್ಕೇ ಸಿಂಪಡಿಸಿದಳು. ಕಬೊನ್ ಗುದ್ದಲಿ ಎಸೆದು ಅಳುತ್ತ ನಕ್ಕಳು. ದಡದಲ್ಲಿ ಹೆಂಗಸರು ಬಟ್ಟೆ ಹಿಡಿದು ಸಾಲಾಗಿ ನಿಂತರು.

ಮುದುಕಿ ಕಣ್ಣು ತೆರೆಯದೆಯೇ, "ಹರಸಿದ್ದೇನೋ ಹೌದು, ಏಳ್ತೀನಿ ಅಂತ ಯಾರು ಹೇಳಿದ್ರು?" ಎಂದಳು.